ತಾಡಪತ್ರಿ ಮೇಲಿನ ನೀರು, ತಾಡಪತ್ರಿ ಕೆಳಗಿನ ನೀರು

ನಮ್ಮ ಪೂಲ್ ದೊಡ್ಡದೇನಲ್ಲ. 8 ಮೀಟರ್ ಉದ್ದ, 4 ಮೀಟರ್ ಅಗಲ. ಧಾರವಾಡದಿಂದ ಕಲಘಟಗಿ ಕಡೆ ಹೋಗುವ ದಾರಿಯಲ್ಲಿ, ಮಾವಿನ ತೋಟದ ನಡುವೆ ಇದೆ. ತೋಟ ಸಾವ್ಕಾರರದು, ನೋಡಿಕೊಳ್ಳುವವನು ನಾನು. ಬೇಸಿಗೆಯಲ್ಲಿ ಅವರ ಮೊಮ್ಮಕ್ಕಳು ಬೆಂಗಳೂರಿನಿಂದ ಬಂದು ಇಡೀ ದಿನ ಆ ನೀರಲ್ಲೇ ಬಿದ್ದಿರುತ್ತಾರೆ. ರೋಹಿಣಿ ಮಳೆ ಬಿದ್ದಿತೆಂದರೆ ಶಾಲೆ ಶುರು, ಅವರು ಹೊರಟರು. ಆಮೇಲೆ ದೀಪಾವಳಿವರೆಗೆ ಪೂಲು, ಮಳೆ, ನಾನು.

ಇಲ್ಲಿಗೆ ಬರುವ ಮೊದಲು ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋದಾಮಿನಲ್ಲಿ 22 ವರ್ಷ ದುಡಿದೆ. ಅಂಗಳದ ತುಂಬ ಕೆಂಪು ಕಾಯಿ ಹರಡಿದ ಹೊತ್ತಿಗೆ ಮಾರ್ಚ್ ತಿಂಗಳ ಅಡ್ಡಮಳೆ ಬಂದರೆ ಏನು ಗತಿ ಎಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಉಣ್ಣುವ ತಾಟು ಬಿಟ್ಟು ಎದ್ದು ಓಡಿ ತಾಡಪತ್ರಿ ಎಳೆದಿದ್ದೇನೆ. ಹಾಗಾಗಿ ಸಾವ್ಕಾರರು, "ಮಳಿಗಾಲಕ್ಕ ಪೂಲ್ ಮುಚ್ಚೋದು ನಿನಗ ಗೊತ್ತೈತೇನು?" ಅಂದಾಗ ನಕ್ಕುಬಿಟ್ಟೆ. ಮೆಣಸಿನಕಾಯಿ ಮುಚ್ಚಿದವನಿಗೆ ನೀರು ಮುಚ್ಚುವುದು ಏನು ಮಹಾ ಅಂತ.

ಆ ನಗು ಆಷಾಢದವರೆಗೂ ಬಾಳಲಿಲ್ಲ.

ಮೊದಲ ವರ್ಷ ದುಡ್ಡು ಉಳಿಸೋಣ ಅಂತ ಹಳೇ ಫ್ಲೆಕ್ಸ್ ತಂದೆ. ಚುನಾವಣೆ ಮುಗಿದಿತ್ತು, ಬೇಕಾದಷ್ಟು ಸಿಕ್ಕವು. ನಾಲ್ಕು ಫ್ಲೆಕ್ಸ್ ಸೇರಿಸಿ ಹೊಲಿಸಿ, ಪೂಲಿನ ಮೇಲೆ ಬಿಗಿಯಾಗಿ ಎಳೆದು ಕಟ್ಟಿದೆ. ಮುಖಂಡರೊಬ್ಬರು ಕೈ ಮುಗಿದುಕೊಂಡು ಆಕಾಶ ನೋಡುತ್ತಾ ಮಲಗಿದ್ದರು. ಒಂದು ರಾತ್ರಿ ಜೋರು ಮಳೆ. ಬೆಳಿಗ್ಗೆ ಹೋಗಿ ನೋಡಿದರೆ ಮುಖಂಡರ ಹೊಟ್ಟೆಯ ಮೇಲಿನ ಹೊಲಿಗೆ ಬಿಚ್ಚಿ, ಎಲೆ, ಕೆಸರು, ಕಪ್ಪೆ ಎಲ್ಲವೂ ಪೂಲಿನೊಳಗೆ. ಫ್ಲೆಕ್ಸ್ ಬೇಡ. ಹೊಲಿಗೆಯ ತೂತುಗಳಿಂದಲೇ ಅದು ಹರಿಯುತ್ತದೆ.

ಯಾಕೆ ಹರಿಯಿತು ಅನ್ನುವ ಲೆಕ್ಕ ಸುಲಭ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗದಲ್ಲಿ ಒಂದು ಲೀಟರ್ ನೀರು. ನಮ್ಮ ಪೂಲ್ 32 ಚದರ ಮೀಟರ್. ರಾತ್ರಿ 40 ಮಿಲಿಮೀಟರ್ ಬಿದ್ದರೆ 1,280 ಲೀಟರ್. ತೂಕವೂ ಅಷ್ಟೇ, 1,280 ಕೆ.ಜಿ. ಹತ್ತಿರ ಹತ್ತಿರ 25 ಚೀಲ ಸಿಮೆಂಟು. ಯಾವ ಹಗ್ಗ, ಯಾವ ಗೂಟ ಅದನ್ನು ತಡೆದೀತು? ಗೋದಾಮಿನಲ್ಲಿ ತಾಡಪತ್ರಿಯ ಕೆಳಗೆ ಚೀಲದ ರಾಶಿ ಇರುತ್ತಿತ್ತು. ಬಣವಿಯ ಹಾಗೆ ಮೇಲೆ ಚೂಪು, ನೀರು ಜಾರಿ ಹೋಗುತ್ತಿತ್ತು. ಪೂಲಿನ ಮೇಲೆ ಅದು ಸಪಾಟು. ನೀರು ಬಂದು ಕೂತುಬಿಡುತ್ತದೆ, ನೆಂಟರ ಹಾಗೆ.

ಇಷ್ಟು ಭಾರ ಹೊರುವ ತಾಕತ್ತು ಇರುವುದು ಒಂದಕ್ಕೇ. ಪೂಲಿನೊಳಗಿನ ನೀರಿಗೆ. ತಾಡಪತ್ರಿ ಕೆಳಗಿನ ನೀರನ್ನು ಮುಟ್ಟಿಕೊಂಡು ತೇಲುತ್ತಿದ್ದರೆ ಮೇಲೆ ಬಿದ್ದ ಮಳೆಯ ಭಾರವನ್ನು ಆ ನೀರೇ ಹೊರುತ್ತದೆ, ದೋಣಿ ಹೊತ್ತ ಹಾಗೆ. ಹಗ್ಗಕ್ಕೆ ಬರೀ ಗಾಳಿಯ ಕೆಲಸ. ಅದೇ ಪೂಲಿನ ನೀರು ಎರಡು ಅಡಿ ಕೆಳಗಿದೆ ಅನ್ನಿ, ತಾಡಪತ್ರಿ ಜೋಕಾಲಿಯಂತೆ ಜೋತು ಬೀಳುತ್ತದೆ, ಪೂರ್ತಿ ಭಾರ ಅಂಚಿನ ಕಣ್ಣುಗಳ ಮೇಲೆ, ಅಂದರೆ ಹಗ್ಗ ಪೋಣಿಸುವ ತೂತುಗಳ ಮೇಲೆ. ಆದ್ದರಿಂದ ಮುಚ್ಚುವ ದಿನ ನೀರು ದಂಡೆಗಿಂತ ನಾಲ್ಕು ಬೆರಳು ಕೆಳಗೆ ಇರಬೇಕು. ಕಡಿಮೆ ಇದ್ದರೆ ತುಂಬಿಸಿ. ಮಳೆಗಾಲದ ನಡುವೆ ಇಳಿದಿದ್ದರೆ ಮತ್ತೆ ತುಂಬಿಸಿ. ಮಳೆಗಾಲದಲ್ಲಿ ಪೂಲಿಗೆ ನೀರು ಬಿಡುತ್ತಿದ್ದೀಯಲ್ಲ, ತಲೆ ಕೆಟ್ಟಿತೇ ಅಂತ ಪಕ್ಕದ ಹೊಲದವರು ನನ್ನನ್ನು ಕೇಳಿದ್ದಾರೆ.

ನೀರು ಖಾಲಿ ಮಾಡುವುದಂತೂ ಬೇಡವೇ ಬೇಡ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದರಲ್ಲಿ ಸಾವ್ಕಾರರ ದುಡ್ಡು ಮತ್ತು ನನ್ನ ಮರ್ಯಾದೆ ಎರಡೂ ಹೋದವು. ಫ್ಲೆಕ್ಸ್ ಹರಿದು ಕೆಸರು ತುಂಬಿತ್ತಲ್ಲ, ಪೂರ್ತಿ ಖಾಲಿ ಮಾಡಿ ತೊಳೆದುಬಿಡಿ ಅಂತ ಪೂಲ್ ಕಟ್ಟಿದವರು ಫೋನಿನಲ್ಲಿ ಹೇಳಿದರು. ಪುಷ್ಯ ಮಳೆ ವಾರದಿಂದ ಹಿಡಿದು ಬಿಟ್ಟಿರಲಿಲ್ಲ. ಮೋಟರ್ ಹಚ್ಚಿ ಎರಡು ದಿನದಲ್ಲಿ ಖಾಲಿ ಮಾಡಿದೆ. ಮೂರನೇ ದಿನ ಬೆಳಿಗ್ಗೆ ನೋಡಿದರೆ ತಳದ ಟೈಲ್ಸು ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿದ್ದವು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಿರುಕು.

ನಮ್ಮ ತೋಟದ ಮೇಲಿನ ಭಾಗ ಕೆಂಪು ಮಣ್ಣು. ಪೂಲ್ ಇರುವ ತಗ್ಗು ಮಾತ್ರ ಎರೆ ಮಣ್ಣು. ಎರೆ ಮಣ್ಣಿನ ಗುಣ ಹುಬ್ಬಳ್ಳಿ, ನವಲಗುಂದ ಕಡೆಯ ರೈತರಿಗೆ ಗೊತ್ತು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ, ಮಳೆಯಲ್ಲಿ ನೀರು ಕುಡಿದು ಉಬ್ಬುತ್ತದೆ. ಅಕ್ಕಪಕ್ಕದಿಂದ ಅದು ಗೋಡೆಯನ್ನು ಒತ್ತುತ್ತದೆ. ನೆಲದೊಳಗೆ ನಿಂತ ನೀರು ಕೆಳಗಿನಿಂದ ತಳವನ್ನು ಮೇಲೆತ್ತುತ್ತದೆ. ಪೂಲ್ ತುಂಬಿದ್ದರೆ ಒಳಗಿನ ನೀರು ತಿರುಗಿ ಒತ್ತುತ್ತದೆ, ಲೆಕ್ಕ ಸರಿಹೋಗುತ್ತದೆ. ಖಾಲಿ ಪೂಲ್ ಅಂದರೆ ಕೆಸರಿನಲ್ಲಿ ಇಟ್ಟ ಖಾಲಿ ಡಬ್ಬಿ. ಮೇಲೆ ಬರಲು ನೋಡುತ್ತದೆ. ತೊಳೆಯುವುದೇನಿದ್ದರೂ ಏಪ್ರಿಲ್‌ನಲ್ಲಿ, ನೆಲ ಒಣಗಿದಾಗ.

ಇನ್ನು ಕಟ್ಟುವ ಕೆಲಸ. ತಾಡಪತ್ರಿ ಹೇಳಿ ಮಾಡಿಸುವುದು ಒಳ್ಳೆಯದು. ನಾನು ಹುಬ್ಬಳ್ಳಿಯಲ್ಲಿ 33ಕ್ಕೆ 20 ಅಡಿ ಮಾಡಿಸಿದೆ. ಪೂಲ್ ಅಡಿಯಲ್ಲಿ 26ಕ್ಕೆ 13, ಅಂದರೆ ನಾಲ್ಕೂ ಕಡೆ ಮೂರೂವರೆ ಅಡಿ ಜಾಸ್ತಿ. ಅಂಗಡಿಯವರು ದಪ್ಪವನ್ನು ಜಿಎಸ್‌ಎಮ್‌ನಲ್ಲಿ ಹೇಳುತ್ತಾರೆ, ಒಂದು ಚದರ ಮೀಟರ್ ತುಂಡು ಎಷ್ಟು ಗ್ರಾಂ ತೂಗುತ್ತದೆ ಅಂತ. 200ಕ್ಕಿಂತ ಕಡಿಮೆ ತರಬೇಡಿ. ಬಣ್ಣ ನೋಡಿ ಮರುಳಾಗಬೇಡಿ, ಬಿಸಿಲಿಗೆ ಹಿಡಿದು ನೋಡಿ. ಬೆಳಕು ಜಾಸ್ತಿ ತೂರಿದರೆ ಕೆಳಗೆ ಪಾಚಿ ಕಟ್ಟುತ್ತದೆ. ಜೋಡಣೆ ಹೊಲಿಗೆಯದ್ದಲ್ಲ, ಕಾಯಿಸಿ ಅಂಟಿಸಿದ್ದಿರಬೇಕು.

ಕಣ್ಣಿಗೆ ಹಗ್ಗ ಹಾಕಿ ಸೀದಾ ಗೂಟಕ್ಕೆ ಕಟ್ಟಿದರೆ ಗಾಳಿಯ ಒಂದೇ ಏಟಿಗೆ ಕಣ್ಣು ಕಿತ್ತು ಬರುತ್ತದೆ. ಆಷಾಢದ ಗಾಳಿ ನಿಂತು ಬೀಸುವುದಿಲ್ಲ, ಹೊಡೆದು ಹೊಡೆದು ಬೀಸುತ್ತದೆ. ಗೋದಾಮಿನಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು. ಹಳೇ ಸೈಕಲ್ ಟ್ಯೂಬನ್ನು ಒಂದು ಗೇಣಿನ ತುಂಡು ಮಾಡಿ, ಹಗ್ಗಕ್ಕೂ ಗೂಟಕ್ಕೂ ನಡುವೆ ಕಟ್ಟಿ. ಗಾಳಿ ಎಳೆದಾಗ ಟ್ಯೂಬ್ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಪಂಕ್ಚರ್ ಅಂಗಡಿಯವರು ಸುಮ್ನೆ ಕೊಡುತ್ತಾರೆ. ನಮ್ಮಲ್ಲಿ ಮಳೆಗಾಲದ ಗಾಳಿ ಪಡುವಣದಿಂದ. ಆ ಕಡೆಯ ಅಂಚನ್ನು ಮೊದಲು ಕಟ್ಟಿ, ಆಮೇಲೆ ಉಳಿದ ಮೂರು. ಎದುರುಬದಿಯಿಂದ ಶುರು ಮಾಡಿದರೆ ತಾಡಪತ್ರಿ ಗಾಳಿಪಟ ಆಗುತ್ತದೆ, ಹಿಡಿದುಕೊಂಡ ನೀವು ಬಾಲಂಗೋಚಿ. ಅಂಚಿನ ಮೇಲೆ ಕಲ್ಲು ಇಡಬೇಡಿ, ಚೂಪಾದ ಮೂಲೆ ಉಜ್ಜಿ ಉಜ್ಜಿ ತೂತು ಮಾಡುತ್ತದೆ. ಉಸುಕಿನ ಚೀಲವೂ ಬೇಡ. ಚೀಲ ಹರಿದರೆ ಉಸುಕೆಲ್ಲ ಪೂಲಿಗೆ. ನಾನು ಹಳೇ ಐದು ಲೀಟರ್ ಎಣ್ಣೆ ಕ್ಯಾನುಗಳಿಗೆ ನೀರು ತುಂಬಿ, ಕುತ್ತಿಗೆಗೆ ಹಗ್ಗ ಪೋಣಿಸಿ ಸಾಲಾಗಿ ಇಡುತ್ತೇನೆ.

ಮುಂದಿನ ಉಪಾಯ ನನ್ನದಲ್ಲ. ಅಕ್ಕನ ಮಗ ಅಮೆರಿಕದ ಬಫಲೋದಲ್ಲಿದ್ದಾನೆ. ಅವನ ಮನೆಯ ಹಿಂದೂ ಒಂದು ಪೂಲ್ ಇದೆ, ಅದನ್ನೂ ಮುಚ್ಚುತ್ತಾರೆ, ಆದರೆ ಹಿಮಕ್ಕೆ. ಆ ಊರು ಈರಿ ಅನ್ನುವ ದೊಡ್ಡ ಸರೋವರದ ದಂಡೆಯಲ್ಲಿದೆ. ತಣ್ಣನೆಯ ಗಾಳಿ ಸರೋವರದ ಮೇಲೆ ಹಾಯುವಾಗ ಅದರ ಆವಿ ಹೀರಿಕೊಂಡು ಬಂದು, ಊರಿನ ಮೇಲೆ ಹಿಮವಾಗಿ ಸುರಿಯುತ್ತದಂತೆ. 2022ರ ನವೆಂಬರ್‌ನಲ್ಲಿ ಬಫಲೋದ ದಕ್ಷಿಣದ ಊರುಗಳಲ್ಲಿ ಆರು ಅಡಿಗೂ ಜಾಸ್ತಿ ಬಿತ್ತು, ಅದೂ ನಾಲ್ಕೇ ದಿನದಲ್ಲಿ. ಅವನು ವಿಡಿಯೋ ಮಾಡಿ ತೋರಿಸುತ್ತಾ, "ಮಾಮಾ, ಸಲಿಕಿ ತಗೊಂಡು ಬಳೀಲೇನ್ರಿ?" ಅಂದ. ಹಿಮ ನಾನು ಕಂಡವನಲ್ಲ. ತಾಡಪತ್ರಿ ಕಂಡವನು. ಸಲಿಕೆ ಮುಟ್ಟಬೇಡ ಅಂದೆ. ಅವನಿಗೆ ಮುಚ್ಚಿಕೊಟ್ಟವರೂ ಅದನ್ನೇ ಹೇಳಿದರಂತೆ: ಮೆತ್ತನೆಯ ಉದ್ದ ಕಸಬರಿಗೆಯಿಂದ ದಂಡೆಯಲ್ಲೇ ನಿಂತು, ಮೇಲಿನ ಪದರ ಮಾತ್ರ ಸರಿಸಬೇಕು. ಹೊದಿಕೆಗೆ ಅಂಟಿ ಗಟ್ಟಿಯಾದ ಹಿಮವನ್ನು ಕೆದಕಬಾರದು, ಒಡೆಯಬಾರದು, ಬಿಸಿನೀರು ಹೊಯ್ಯಬಾರದು. ಅದರ ಮೇಲೆ ಕಾಲಿಡುವುದಂತೂ ಇಲ್ಲವೇ ಇಲ್ಲ.

ಹಿಮದ ಭಾರ ಕೇಳಿ ನನಗೆ ಆಶ್ಚರ್ಯವಾಯಿತು. ಆಗತಾನೇ ಬಿದ್ದ ಒಣ ಹಿಮ ಹತ್ತಿಯ ಹಾಗೆ, ಒಂದು ಘನ ಮೀಟರ್‌ಗೆ 50ರಿಂದ 100 ಕೆ.ಜಿ. ನಮ್ಮ ಪೂಲಿನಷ್ಟು ಜಾಗದ ಮೇಲೆ ಒಂದು ಅಡಿ ಬಿದ್ದರೆ ಅರ್ಧ ಟನ್ನಿನಿಂದ ಒಂದು ಟನ್. ಅದೇ ಒಂದು ಅಡಿ, ಅರೆ ಕರಗಿ ನೀರು ಹೀರಿಕೊಂಡು ಕೂತ ಹಿಮವಾದರೆ ಮೂರು ನಾಲ್ಕು ಪಟ್ಟು. ಬಿದ್ದ ದಿನವಲ್ಲ, ಕರಗುವ ದಿನ ಜೋಪಾನ ಮಾಡಬೇಕು. ಕರಗಿದ ನೀರನ್ನು ಮೇಲಿಂದ ಪಂಪಿನಲ್ಲಿ ಎತ್ತಿ ಹಾಕುತ್ತಾರೆ, ಇಲ್ಲವಾದರೆ ರಾತ್ರಿ ಅದು ಮತ್ತೆ ಗಡ್ಡೆ ಕಟ್ಟುತ್ತದೆ. ಅಲ್ಲೂ ಕೆಳಗಿನ ನೀರೇ ಆಧಾರ. ಚಳಿಗಾಲಕ್ಕೆ ಮುನ್ನ ಪೈಪಿನ ಬಾಯಿಗಿಂತ ಕೆಳಗೆ ಸ್ವಲ್ಪ ಇಳಿಸಿ, ಪೈಪಿನೊಳಗಿನ ನೀರನ್ನು ಗಾಳಿಯಿಂದ ಊದಿ ತೆಗೆದು ಬಿರಡೆ ಹಾಕುತ್ತಾರಂತೆ. ನೀರು ಹೆಪ್ಪುಗಟ್ಟಿದರೆ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಪೈಪು ಒಡೆಯುತ್ತದೆ. ಅಂಚಿಗೆ ಇಡುವ ನೀರಿನ ಚೀಲಗಳನ್ನೂ ಪೂರ್ತಿ ತುಂಬುವುದಿಲ್ಲ, ಅದೇ ಕಾರಣಕ್ಕೆ. ಆದರೆ ಪೂಲ್ ಖಾಲಿ ಮಾಡುವುದಿಲ್ಲ. ಇದನ್ನು ಕೇಳಿದಾಗ ನನ್ನ ಟೈಲ್ಸು ನೆನಪಾದವು.

ವಿಡಿಯೋದಲ್ಲಿ ಹೊದಿಕೆಯ ನಡುವೆ ಏನೋ ಉಬ್ಬಿಕೊಂಡಿತ್ತು. ಏನದು ಅಂದೆ. ಗಾಳಿ ತುಂಬಿದ ದಿಂಬಂತೆ. ನೀರು ಗಡ್ಡೆಯಾಗಿ ಹಿಗ್ಗುವಾಗ ಗೋಡೆಯನ್ನು ತಳ್ಳುವ ಬದಲು ಆ ದಿಂಬನ್ನು ಅಮುಕಲಿ ಅಂತ ಇಡುತ್ತಾರೆ. ನಮಗೆ ಆ ಚಿಂತೆ ಇಲ್ಲ. ಆದರೆ ಆ ಉಬ್ಬು ನೋಡಿದ ಕೂಡಲೇ ನನಗೆ ಕಂಡದ್ದು ಬಣವಿ. ಮರುದಿನವೇ ಟ್ರ್ಯಾಕ್ಟರ್ ಹಿಂದಿನ ಚಕ್ರದ ಹಳೇ ಟ್ಯೂಬು ನಾಲ್ಕು ತಂದೆ. ತೇಪೆ ಹಾಕಿಸಿ, ಗಾಳಿ ತುಂಬಿಸಿ, ಒಂದಕ್ಕೊಂದು ಹಗ್ಗದಿಂದ ಬಿಗಿದು, ಪೂಲಿನ ನಡುಗೆರೆಗೆ ಉದ್ದಕ್ಕೆ ತೇಲಿಬಿಟ್ಟೆ. ಸಾಲಿನ ಎರಡು ತುದಿಗೂ ಹಗ್ಗ ಕಟ್ಟಿ ದಂಡೆಯ ಗೂಟಕ್ಕೆ ಬಿಗಿದೆ, ಇಲ್ಲವಾದರೆ ಗಾಳಿಗೆ ಒಂದು ಬದಿಗೆ ಹೋಗಿ ಸೇರುತ್ತವೆ. ಟ್ಯೂಬಿನ ಗಾಳಿ ತುಂಬುವ ಬಾಯಿ ಲೋಹದ್ದು, ಅದನ್ನು ಕೆಳಮುಖ ಮಾಡಿ ಬಟ್ಟೆ ಸುತ್ತಿ. ಅದರ ಮೇಲೆ ತಾಡಪತ್ರಿ. ಈಗ ನಡುವೆ ಎತ್ತರ, ಎರಡು ಕಡೆ ಇಳಿಜಾರು. ಜಿಟಿಜಿಟಿ ಮಳೆಯ ನೀರು ಬಹುಪಾಲು ಜಾರಿ ಅಂಚಿನ ಕಾಲುವೆಗೆ ಹೋಗುತ್ತದೆ. ಜಡಿಮಳೆ ಬಂದರೆ ಟ್ಯೂಬಿಗೂ ದಂಡೆಗೂ ನಡುವೆ ಸ್ವಲ್ಪ ನಿಂತೇ ನಿಲ್ಲುತ್ತದೆ. ಅದನ್ನು ಕೈಯಿಂದ ತೆಗೆಯಬೇಕು. ತಿಂಗಳಿಗೊಮ್ಮೆ ಟ್ಯೂಬಿನ ಗಾಳಿ ನೋಡಿ.

ಹಾಗೆ ನಿಂತ ನೀರನ್ನು ಮೂರು ನಾಲ್ಕು ದಿನಕ್ಕಿಂತ ಜಾಸ್ತಿ ಬಿಡಬಾರದು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಗಟಾರದಲ್ಲಲ್ಲ, ಇಂಥ ತಿಳಿನೀರಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಅದಕ್ಕೆ ಒಂದು ವಾರ, ಹತ್ತು ದಿನ ಸಾಕು.

ತೆಗೆಯಲು ಕರೆಂಟಿನ ಪಂಪ್ ಇದ್ದರೆ ಇರಲಿ, ಆದರೆ ಮಳೆಯಲ್ಲಿ ಜೋಡಿಸಿದ ವೈರನ್ನು ನೀರಿನ ಪಕ್ಕ ಎಳೆದಾಡುವುದು ನನಗೆ ಸೇರುವುದಿಲ್ಲ. ಹಾಕುವುದಾದರೆ 30 ಮಿಲಿಆಂಪ್ ಕರೆಂಟು ಸೋರಿದರೂ ತಾನೇ ಬೀಳುವ ಆರ್‌ಸಿಸಿಬಿ ಸ್ವಿಚ್ ಇರಲೇಬೇಕು. ನಾನು ಸೈಫನ್ ಮಾಡುತ್ತೇನೆ. ಒಂದು ಇಂಚಿನ ಪೈಪು, ಪೂಲಿನ ಪೂರ್ವಕ್ಕೆ ಹೊಲ ಇಳಿಜಾರಾಗಿದೆ. ಪೈಪಿನ ತುಂಬ ನೀರು ತುಂಬಿಸಿ, ಎರಡು ತುದಿಗೂ ಹೆಬ್ಬೆರಳು ಒತ್ತಿ, ಒಂದು ತುದಿಯನ್ನು ನಿಂತ ನೀರಿನಲ್ಲಿ ಮುಳುಗಿಸಬೇಕು. ಇನ್ನೊಂದನ್ನು ಅದಕ್ಕಿಂತ ಕೆಳಗೆ ಹೊಲದಲ್ಲಿ ಬಿಡಬೇಕು. ಎರಡು ಬೆರಳೂ ಒಟ್ಟಿಗೆ ತೆಗೆಯಲು ಎರಡು ಆಳು ಬೇಕು, ನಮ್ಮ ತೋಟದ ಹುಡುಗನಿಗೆ ಇದು ದೊಡ್ಡ ಆಟ. ಬಾಯಿಂದ ಎಳೆಯಬೇಡಿ, ಕೊಳೆತ ಎಲೆಯ ನೀರದು. ಎಮ್ಮೆ ಹಿಂಡಿ, ಚಹಾ ಕುಡಿದು ಬರುವಷ್ಟರಲ್ಲಿ ಅರ್ಧಕ್ಕರ್ಧ ಇಳಿದಿರುತ್ತದೆ. ಬೇಸರಕ್ಕೆ ತಾಡಪತ್ರಿಗೆ ಒಂದು ತೂತು ಹಾಕಿ ನೀರು ಪೂಲಿಗೇ ಇಳಿಸುವವರನ್ನು ಕಂಡಿದ್ದೇನೆ. ಮೇಲಿನ ಹೊಲಸೆಲ್ಲ ಒಳಗೆ ಹೋಗುತ್ತದೆ, ಆ ತೂತು ದಿನಾ ದೊಡ್ಡದಾಗುತ್ತದೆ. ತಾನಾಗಿ ತೂತು ಬಿದ್ದರೆ ಎರಡೂ ಕಡೆಯಿಂದ ತಾಡಪತ್ರಿ ಟೇಪು ಅಂಟಿಸಿ. ಸೈಕಲ್ ಪಂಕ್ಚರಿನ ಸೊಲ್ಯೂಷನ್ ಈ ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ, ಹಚ್ಚಿ ನೋಡಿದ್ದೇನೆ.

ಮಕ್ಕಳ ವಿಷಯ. ಮುಚ್ಚಿದ ಪೂಲ್ ತೆರೆದ ಪೂಲಿಗಿಂತ ಅಪಾಯ. ತೆರೆದದ್ದು ನೀರು ಅಂತ ಕಾಣುತ್ತದೆ, ಮುಚ್ಚಿದ್ದು ನೆಲ ಅಂತ ಕಾಣುತ್ತದೆ. ತಾಡಪತ್ರಿಯ ಮೇಲೆ ಕಾಲಿಟ್ಟರೆ ಅದು ಸುತ್ತಿಕೊಂಡೇ ಒಳಗೆ ಎಳೆಯುತ್ತದೆ. ಮೇಲೆ ನಿಂತ ನಾಲ್ಕು ಬೆರಳು ನೀರೂ ಅಂಬೆಗಾಲಿನ ಮಗುವಿಗೆ ಸಾಕು. ನಮ್ಮಲ್ಲಿ ಒಮ್ಮೆ ನಾಯಿ ಬಿದ್ದಿತ್ತು, ಬದುಕಿತು. ಅಂದೇ ಸುತ್ತ ನಾಲ್ಕು ಅಡಿ ತಂತಿ ಜಾಲರಿ, ಬಾಗಿಲು, ಬೀಗ ಹಾಕಿಸಿದೆ. ಅಂಚು ಎತ್ತುವ ಮೊದಲು ಕೋಲಿನಿಂದ ಬಡಿದು ಸದ್ದು ಮಾಡಿ. ಮಳೆಗಾಲದಲ್ಲಿ ಅದರ ಕೆಳಗೆ ಒಣ ಜಾಗ ಹುಡುಕಿಕೊಂಡು ಕೊಳಕುಮಂಡಲ ಬಂದು ಮಲಗಿರುತ್ತದೆ. ನನಗೆ ಎರಡು ಸಲ ಸಿಕ್ಕಿದೆ.

ಒಳಗಿನ ನೀರನ್ನು ಪೂರ್ತಿ ಮರೆಯುವ ಹಾಗಿಲ್ಲ. ಬಿಸಿಲು ಬೀಳದಿದ್ದರೆ ಕ್ಲೋರಿನ್ ಬೇಗ ಕರಗಿ ಹೋಗುವುದಿಲ್ಲ, ಹಾಗಾಗಿ ಬೇಸಿಗೆಯಷ್ಟು ಹಾಕುವುದು ಬೇಕಿಲ್ಲ. ಹದಿನೈದು ದಿನಕ್ಕೊಮ್ಮೆ ಒಂದು ಮೂಲೆ ಬಿಚ್ಚಿ ಪರೀಕ್ಷೆ ಮಾಡುತ್ತೇನೆ. ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್, ಪಿಎಚ್ 7.2ರಿಂದ 7.8 ಇರಬೇಕು. ನಮ್ಮದು ಸುಮಾರು 45,000 ಲೀಟರ್. 2 ಮಿಲಿಗ್ರಾಂ ಏರಿಸಲು 90 ಗ್ರಾಂ ಕ್ಲೋರಿನ್, ಅಂದರೆ ಹೊಸ ಬ್ಲೀಚಿಂಗ್ ಪೌಡರ್ ಆದರೆ 300 ಗ್ರಾಂ. ಪ್ಲಾಸ್ಟಿಕ್ ಬಕೇಟಿನ ನೀರಿಗೆ ಪುಡಿ ಹಾಕಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿ ಮಾತ್ರ ಹೊಯ್ಯಿರಿ. ಆಸಿಡ್ ಹತ್ತಿರವೂ ತರಬೇಡಿ, ವಿಷಗಾಳಿ ಏಳುತ್ತದೆ. ಹೊಯ್ದ ಮೇಲೆ ಒಂದೆರಡು ತಾಸು ಆ ಕಡೆ ತೆರೆದಿಟ್ಟು, ಫಿಲ್ಟರ್ ಮೋಟರ್ ಓಡಿಸಿ, ಆಮೇಲೆ ಕಟ್ಟಿ.

ಮಳೆಗಾಲದಲ್ಲೂ ಆಗಾಗ ಈಜುವವರಿದ್ದರೆ ಇಷ್ಟೆಲ್ಲ ಬೇಡ. ನರ್ಸರಿಗೆ ಹಾಕುವ ಶೇಡ್ ನೆಟ್ ಎಳೆದು ಕಟ್ಟಿ. ಎಲೆ ಮೇಲೆ ನಿಲ್ಲುತ್ತದೆ, ನೀರು ಸೋರಿ ಪೂಲಿಗೆ ಬೀಳುತ್ತದೆ, ಭಾರದ ತಂಟೆ ಇಲ್ಲ. ಆದರೆ ಪೂಲಿಗೆ ಉಕ್ಕಿ ಹೋಗುವ ದಾರಿ ಇರಬೇಕು, ಕ್ಲೋರಿನ್ ಜಾಸ್ತಿ ಹಾಕಬೇಕು.

ತೆಗೆಯುವುದು ಶೀಗಿ ಹುಣ್ಣಿಮೆ ಕಳೆದು, ಎರಡು ದಿನ ಬಿಸಿಲು ಬಿದ್ದ ಮೇಲೆ. ಮೇಲಿನ ನೀರನ್ನು ಹನಿ ಉಳಿಯದ ಹಾಗೆ ತೆಗೆದು, ಎಲೆ ಗುಡಿಸಿ, ಆಮೇಲೆ ಹಗ್ಗ ಬಿಚ್ಚಬೇಕು. ಅವಸರ ಮಾಡಿದರೆ ನಾಲ್ಕು ತಿಂಗಳ ಕೊಳೆ ಕೊನೇ ಗಳಿಗೆಯಲ್ಲಿ ಪೂಲಿಗೆ ಬೀಳುತ್ತದೆ. ನಾಲ್ಕು ಜನ ನಾಲ್ಕು ಮೂಲೆ ಹಿಡಿದು, ಒಂದು ಕಡೆಯಿಂದ ಮಡಚುತ್ತಾ ಬನ್ನಿ. ತೊಳೆದು ಎರಡೂ ಮೈ ಒಣಗಿಸಿ. ಹಸಿ ಇದ್ದಾಗ ಮಡಚಿಟ್ಟರೆ ಬೂಸಲು ಹಿಡಿಯುತ್ತದೆ. ನೆಲದ ಮೇಲಂತೂ ಇಡಬೇಡಿ, ಇಲಿ ಒಂದು ಕಡೆ ಕಡಿದರೆ ಬಿಚ್ಚಿದಾಗ ಹದಿನಾರು ತೂತು. ನಾನು ಸುರುಳಿ ಸುತ್ತಿ ಪಂಪ್ ಶೆಡ್ಡಿನ ತೊಲೆಗೆ ತೂಗುಹಾಕುತ್ತೇನೆ. ಸುತ್ತುವ ಮೊದಲು ಪಡುವಣ ಅಂಚಿನ ಕಣ್ಣಿಗೆ ಒಂದು ಕೆಂಪು ದಾರ ಕಟ್ಟಿರುತ್ತೇನೆ. ಮುಂದಿನ ವರ್ಷ ಮೋಡ ತಲೆ ಮೇಲೆ ಬಂದು ನಿಂತಾಗ ಯಾವ ಅಂಚು ಯಾವುದು ಅಂತ ಹುಡುಕಾಡುವ ಹೊತ್ತಿರುವುದಿಲ್ಲ.